ಮೂರು ಅಡಿ ಎತ್ತರದಿಂದ ನೋಡಿದಾಗ

ಬೇಸಿಗೆ ಸೂಟಿ ಬಂದಿದೆ. ಹುಬ್ಬಳ್ಳಿ-ಧಾರವಾಡದ ಮನೆಮನೆಯಲ್ಲೂ ಈಗ ಒಂದೇ ಚರ್ಚೆ: 'ಈ ಸಲ ಹುಡುಗರನ್ನ ಎಲ್ಲಿಗೆ ಕರಕೊಂಡು ಹೋಗೂಣು?' ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು, ಅಲ್ಲಿಂದ ಬಿಡದಿ ಹತ್ತಿರದ ವಂಡರ್‌ಲಾ. 2005ರಿಂದ ನಡೀತಿರೋ ಪಾರ್ಕು ಅದು. ಅಷ್ಟು ದೂರ ಬ್ಯಾಡ ಅಂದ್ರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಟಿಕೆಟ್ ಎಷ್ಟು, ಊಟ ಎಲ್ಲಿ, ಬಟ್ಟೆ ಎಷ್ಟು ಜೊತೆ, ಎಲ್ಲ ಲೆಕ್ಕ ಹಾಕ್ತೀವಿ. ಒಂದು ಲೆಕ್ಕ ಮಾತ್ರ ಬಿಟ್ಟುಹೋಗುತ್ತೆ. ಆ ಗದ್ದಲದಲ್ಲಿ ಮಗುವಿಗೆ ಏನು ಕಾಣುತ್ತೆ?

ಮೂರ್ನಾಲ್ಕು ವರ್ಷದ ಕೂಸಿನ ಎತ್ತರ ಹೆಚ್ಚುಕಡಿಮೆ ಮೂರು ಅಡಿ. ನಮಗೆ ಜನರ ತಲೆ ಮೇಲಿಂದ ಬೋರ್ಡು ಕಾಣುತ್ತೆ, ಗೇಟು ಕಾಣುತ್ತೆ, ಗಾಳಿ ಸಿಗುತ್ತೆ. ಆ ಕೂಸಿಗೆ ಕಾಣೋದು ಸೊಂಟ, ಬ್ಯಾಗು, ಮೊಣಕೈ. ನಾವು 'ಜಾತ್ರೆ ಥರ ಜನ' ಅಂತ ಖುಷಿಪಡುವಾಗ ಅದು ಗೋಡೆಗಳ ನಡುವೆ ನಿಂತಿರುತ್ತೆ. ವಂಡರ್‌ಲಾದಂಥ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ಟನ್ನೂ ಎತ್ತರ ನೋಡಿಯೇ ಕೊಡ್ತಾರೆ, ಯಾವ ಆಟಕ್ಕೆ ಬಿಡಬೇಕು ಅನ್ನೋದನ್ನೂ ಎತ್ತರ ನೋಡಿಯೇ ತೀರ್ಮಾನಿಸ್ತಾರೆ. ಅಳತೆ ಕೋಲು ಹಿಡಿಯೋ ಆ ಬುದ್ಧಿ ನಮಗೂ ಬೇಕು.

ಮೊದಲು ಗದ್ದಲದ ಮಾತು. ಜನ ಹೆಚ್ಚಾದ್ರೆ ಅಪಾಯ ಅಂತ ನಾವು ತಿಳಿದಿದ್ದೀವಿ. ಅದು ಅರ್ಧ ಸತ್ಯ ಮಾತ್ರ. ನಮ್ಮ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣವನ್ನೇ ನೋಡಿ. ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಜಾಗಕ್ಕೆ ಬರವಿಲ್ಲ. ಆದ್ರೂ ಜನರಲ್ ಬೋಗಿ ಬಂದು ನಿಂತಾಗ ಒಂದೇ ಬಾಗಿಲಿನ ಮುಂದೆ ಉಸಿರು ಕಟ್ಟುವಷ್ಟು ಮಂದಿ! ಅಪಾಯ ಇರೋದು ಒಟ್ಟು ಜನರ ಸಂಖ್ಯೆಯಲ್ಲಲ್ಲ, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಿರಿದಾದ ಜಾಗಕ್ಕೆ ನುಗ್ಗೋದರಲ್ಲಿ. ಗೇಟು, ಮೆಟ್ಟಿಲು, ತಿರುವು, ಟಿಕೆಟ್ ಕಿಟಕಿ ಇವೇ ಆ ಜಾಗಗಳು.

2025ರ ಜೂನ್ 4 ನೆನಪಿದೆ ಅಲ್ವಾ? ಆರ್‌ಸಿಬಿ ಐಪಿಎಲ್ ಗೆದ್ದ ಮರುದಿನ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ 11 ಜನ ಪ್ರಾಣ ಬಿಟ್ಟರು. ಅವರಲ್ಲಿ ಶಾಲೆಗೆ ಹೋಗೋ ಹುಡುಗಿಯೂ ಇದ್ದಳು. ಸಂಭ್ರಮಕ್ಕೆ ಬಂದವರು ಅವರು. ಇಂಥ ಸುದ್ದಿಯಲ್ಲಿ 'ಕಾಲ್ತುಳಿತ' ಅನ್ನೋ ಪದ ಕೇಳ್ತೀರಿ. ಆ ಪದ ಪೂರ್ತಿ ನಿಜ ಹೇಳೋದಿಲ್ಲ. ಇಂಥ ದುರಂತಗಳಲ್ಲಿ ಬಹಳ ಜನ ಸಾಯೋದು ತುಳಿತದಿಂದಲ್ಲ. ನಿಂತಲ್ಲೇ ಎದೆ ಒತ್ತಿಹೋಗಿ ಉಸಿರು ಎಳೆಯೋಕಾಗದೆ ಸಾಯ್ತಾರೆ. ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್‌ನಲ್ಲಿ 2022ರ ಅಕ್ಟೋಬರ್ 29ರ ರಾತ್ರಿ ಒಂದು ಇಕ್ಕಟ್ಟಾದ ಓಣಿಯಲ್ಲಿ ಆಗಿದ್ದೂ ಅದೇ. ಅಲ್ಲಿ ಸತ್ತವರು 159 ಜನ.

ಜನಸಂದಣಿಯನ್ನು ಅಧ್ಯಯನ ಮಾಡುವವರು ಒಂದು ಸರಳ ಅಳತೆ ಹೇಳ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಇಬ್ಬರು ಮೂವರು ಇದ್ದರೆ ಆರಾಮ. ಐವರನ್ನು ದಾಟಿದರೆ ಅಪಾಯದ ಗಂಟೆ. ಆಮೇಲೆ ನೀವು ನಡೆಯೋದಿಲ್ಲ, ಜನ ನಿಮ್ಮನ್ನ ಹೊತ್ತೊಯ್ತಾರೆ. ಟೇಪು ಹಿಡಿದು ಅಳೆಯೋ ಅಗತ್ಯವಿಲ್ಲ. ಎರಡೂ ಭುಜಕ್ಕೆ ಬೇರೆಯವರ ಮೈ ತಾಗ್ತಾ ಇದೆಯಾ? ಕೈ ಎತ್ತಿ ಮುಖ ಒರೆಸಿಕೊಳ್ಳೋಕೆ ಕಷ್ಟವಾಗ್ತಿದೆಯಾ? ಅಷ್ಟಾದರೆ ಸಾಕು, ಮುಂದೆ ಏನಿದೆ ಅಂತ ನೋಡೋ ಆಸೆ ಬಿಡಿ. ಮಗುವನ್ನ ನೆಲದಿಂದ ಎತ್ತಿಕೊಳ್ಳಿ. ಜನರ ಎದುರು ತಳ್ಳಬೇಡಿ, ಹರಿವಿನ ಜೊತೆ ಸಾಗುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ. ಎದೆ ಮುಂದೆ ಕೈ ಅಡ್ಡ ಇಟ್ಟು ಉಸಿರಾಡೋಕೆ ಜಾಗ ಮಾಡಿಕೊಳ್ಳಿ. ಮೊಬೈಲ್ ಬಿದ್ದರೆ ಬೀಳಲಿ, ಬಗ್ಗಬೇಡಿ.

ಪಾರ್ಕಿನಲ್ಲಿ ಇಷ್ಟು ದೂರ ಹೋಗೋದು ಅಪರೂಪ, ನಿಜ. ಆದರೆ ಬುದ್ಧಿವಂತಿಕೆ ಇರೋದು ಆ ಹಂತಕ್ಕೆ ಹೋಗದಿರೋದರಲ್ಲಿ. ಸಾಧ್ಯವಿದ್ದರೆ ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಒಂದು ಸಾಲು ತಪ್ಪುತ್ತೆ. ಬಾಗಿಲು ತೆರೆಯೋ ಹೊತ್ತಿಗೇ ಅಲ್ಲಿರಿ. ಎಲ್ಲರೂ ಊಟಕ್ಕೆ ಹೋಗುವ ಹೊತ್ತಿನಲ್ಲಿ ಆಟ ಆಡಿ, ಎಲ್ಲರೂ ಆಡುವಾಗ ಊಟ ಮಾಡಿ. ರಾತ್ರಿಯಿಡೀ ಪ್ರಯಾಣ ಮಾಡಿದ ಕೂಸು ಮಧ್ಯಾಹ್ನಕ್ಕೆ ಹೈರಾಣಾಗಿರುತ್ತೆ. ಕೊಟ್ಟ ದುಡ್ಡು ವಸೂಲಾಗಲಿ ಅಂತ ಅದನ್ನ ಸಾಲಿನಿಂದ ಸಾಲಿಗೆ ಎಳೀಬೇಡಿ.

ಇನ್ನು ಮಗು ಕೈತಪ್ಪಿದರೆ? ತಯಾರಿ ಬೆಳಗ್ಗೆಯೇ ಆಗಬೇಕು. ಹೊರಡುವ ಮುಂಚೆ ಮಗುವಿನ ಒಂದು ಫೋಟೋ ತೆಗೆಯಿರಿ. ಇವತ್ತು ಯಾವ ಬಣ್ಣದ ಅಂಗಿ ಅಂತ ಗಾಬರಿಯಲ್ಲಿ ನೆನಪಿಗೆ ಬರೋದಿಲ್ಲ. ಫೋನ್ ನಂಬರನ್ನ ಚೀಟಿಯಲ್ಲಿ ಬರೆದು ಕಿಸೆಯಲ್ಲಿಡಿ. ಮಗು ಕಾಣದಿದ್ದರೆ ದೊಡ್ಡವರೆಲ್ಲ ದಿಕ್ಕಿಗೊಬ್ಬರಂತೆ ಓಡಬೇಡಿ. ಒಬ್ಬರು ಕಳೆದ ಜಾಗದಲ್ಲೇ ನಿಲ್ಲಬೇಕು, ಇನ್ನೊಬ್ಬರು ಸಿಬ್ಬಂದಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112. ಇವು ಎಲ್ಲರ ಫೋನಿನಲ್ಲೂ ಇರಲಿ.

ಈಗ ಪಾರ್ಕಿನ ಗೊಂಬೆಯ ವಿಷಯ. ವಂಡರ್‌ಲಾದಲ್ಲಿ 'ಚಿಕ್ಕು' ಇದ್ದಾನೆ, ಬೇರೆ ಕಡೆ ಕರಡಿ, ಇಲಿ, ಸೂಪರ್‌ಮ್ಯಾನ್. ವೇಷ ತೊಟ್ಟವರು ಬಂದ ಕೂಡಲೇ ಅಪ್ಪ-ಅಮ್ಮಂದಿರ ಮೊಬೈಲ್ ಮೇಲೇಳುತ್ತೆ. 'ಹೋಗು ಪುಟ್ಟಿ, ಅಪ್ಪಿಕೋ, ಫೋಟೋಕ್ಕೆ ನಗು!' ಪುಟ್ಟಿ ಚೀರುತ್ತೆ. ಸುತ್ತ ನಿಂತವರು ನಗ್ತಾರೆ. ಆದರೆ ಮೂರು ಅಡಿ ಎತ್ತರದಿಂದ ನೋಡಿ: ತನ್ನ ಮೈಯಷ್ಟು ದೊಡ್ಡ ತಲೆ. ಕಣ್ಣು ಮಿಟುಕಿಸೋದಿಲ್ಲ, ಬಾಯಿ ಆಡೋದಿಲ್ಲ, ಮಾತಿಲ್ಲ. ಸಣ್ಣ ಮಕ್ಕಳು ಎದುರಿನವರ ಮನಸ್ಸನ್ನ ಓದೋದು ಮುಖದಿಂದ. ಇಲ್ಲಿ ಓದೋಕೆ ಮುಖವೇ ಇಲ್ಲ. ಹೆದರಿಕೆ ಹುಟ್ಟೋದು ಸಹಜ, ಅದು ಹಟವಲ್ಲ.

ನಮ್ಮ ಕಡೆ ಇದು ಹೊಸದೇನಲ್ಲ. ಹಗಲುವೇಷದವರು ಹನುಮಂತನಾಗಿ ಓಣಿಗೆ ಬಂದಾಗ ಅಜ್ಜಿಯ ಸೀರೆ ಹಿಂದೆ ಅಡಗಿದ ಮಕ್ಕಳೆಷ್ಟು! ಅಜ್ಜಿ ಮಗುವನ್ನ ಮುಂದಕ್ಕೆ ತಳ್ಳುತ್ತಿರಲಿಲ್ಲ. ತಾನು ಮೊದಲು ವೇಷಗಾರನ ಜೊತೆ ಮಾತಾಡಿ, ಜೋಳ ಕೊಟ್ಟು, ನಗ್ತಾ ಇದ್ದಳು. ಅದನ್ನ ಕಂಡು ಮಗು ತಾನಾಗಿ ಇಣುಕುತ್ತಿತ್ತು. ಅದೇ ದಾರಿ ಇವತ್ತಿಗೂ ಸರಿ. ದೂರದಿಂದ ಕೈ ಬೀಸಲಿ, ನೀವು ಮೊದಲು ಕೈ ಕುಲುಕಿ, ಮಗು ತಾನೇ ಹೆಜ್ಜೆ ಇಟ್ಟರೆ ಇಡಲಿ. ಸಣ್ಣವರಿಗೆ ಮೊದಲು ರಾಕ್ ಗಾರ್ಡನ್ನೇ ವಾಸಿ. ಕಲಾವಿದ ಟಿ.ಬಿ. ಸೊಲಬಕ್ಕನವರ್ ರೂಪಿಸಿದ ಆ ತೋಟದಲ್ಲಿ ಹಳ್ಳಿಯ ಬದುಕಿನ ಆಳೆತ್ತರದ ಸಿಮೆಂಟ್ ಶಿಲ್ಪಗಳಿವೆ. ಮಗು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಆ ಪಾತ್ರಗಳು ಮೇಲೆ ಬೀಳೋದಿಲ್ಲ.

ಇದರಲ್ಲಿ ಫೋಟೋಕ್ಕಿಂತ ದೊಡ್ಡ ಸಂಗತಿಯೊಂದಿದೆ. ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಹೇಳಿಕೊಡ್ತಾರೆ. 'ನಿನಗೆ ಬ್ಯಾಡ ಅನ್ನಿಸಿದರೆ ಬ್ಯಾಡ ಅನ್ನು' ಅಂತ ಕಲಿಸ್ತಾರೆ. ಪಾರ್ಕಿನಲ್ಲಿ ಅದೇ ಮಗು 'ಬ್ಯಾಡ' ಅಂದಾಗ ನಾವೇ ಅಪರಿಚಿತರ ತೋಳಿಗೆ ದಬ್ಬಿದರೆ ಅದು ಏನು ಕಲಿಯುತ್ತೆ? ತನ್ನ ಮಾತಿಗೆ ಬೆಲೆ ಇಲ್ಲ ಅಂತ. ವೇಷದ ಒಳಗಿರೋ ದುಡಿಯುವ ಮನುಷ್ಯನ ಬಗ್ಗೆಯೂ ಯೋಚಿಸಿ. ಒಳಗೆ ಸೆಖೆ, ಸಣ್ಣ ಕಿಂಡಿಯಿಂದಷ್ಟೇ ನೋಟ. ಕಾಲಬುಡದಲ್ಲಿ ನಿಂತ ಕೂಸು ಅವರಿಗೆ ಕಾಣದೇ ಇರಬಹುದು. ಬಾಲ ಎಳೆಯೋದು, ಹಿಂದಿನಿಂದ ತಳ್ಳೋದು ತಮಾಷೆಯಲ್ಲ ಅಂತ ದೊಡ್ಡ ಮಕ್ಕಳಿಗೆ ಹೇಳಿ.

ಎಲ್ಲವನ್ನೂ ಅಪ್ಪ-ಅಮ್ಮಂದಿರ ತಲೆಗೇ ಕಟ್ಟೋದೂ ನ್ಯಾಯವಲ್ಲ. ದುಡ್ಡು ಇಸಕೊಂಡು ಜನರನ್ನ ಕರೆಯುವವರ ಹೊಣೆ ದೊಡ್ಡದು. ಒಳಗೆ ಎಷ್ಟು ಜನರಾದಾಗ ಗೇಟು ಮುಚ್ತೀರಿ? ಹೋಗೋಕೆ, ಬರೋಕೆ ಬೇರೆಬೇರೆ ದಾರಿ ಇದೆಯಾ? ತಪ್ಪಿಸಿಕೊಂಡ ಮಕ್ಕಳಿಗೆ ಒಂದು ಜಾಗ, ಕನ್ನಡದಲ್ಲಿ ಘೋಷಣೆ ಇದೆಯಾ? ಪಾರ್ಕಿರಲಿ, ವಸ್ತುಪ್ರದರ್ಶನವಿರಲಿ, ಸಿದ್ಧಾರೂಢ ಮಠದ ಜಾತ್ರೆಯಿರಲಿ, ಈ ಮೂರು ಪ್ರಶ್ನೆ ಕೇಳೋ ಹಕ್ಕು ನಿಮಗಿದೆ. ಕೇಳಿ.

ಸೂಟಿಗೆ ಹೊರಟವರೆಲ್ಲ ಚೆನ್ನಾಗಿ ಹೋಗಿ ಬನ್ನಿ. ಅಲ್ಲಿ ಒಂದೇ ಒಂದು ಸಲ ಮೊಣಕಾಲೂರಿ ಕೂತು, ನಿಮ್ಮ ಮಗುವಿನ ಕಣ್ಣಿನ ಮಟ್ಟದಿಂದ ಸುತ್ತ ನೋಡಿ. ಮುಂದೆ ಏನು ಮಾಡಬೇಕು ಅಂತ ನಿಮಗೇ ಗೊತ್ತಾಗುತ್ತೆ.