ನಾಟಕ ಕಂಪನಿಯೆಂಬ ಸಂಚಾರಿ ಶಾಲೆ

ಬನಶಂಕರಿಯ ಜಾತ್ರೆಯ ಹೆಸರೆತ್ತಿದರೆ ಸಾಕು, ನಮ್ಮ ಮನೆಗಳ ಹಿರಿಯರ ಮುಖ ಅರಳುತ್ತದೆ. ತೇರಿನೊಡನೆ ಅವರಿಗೆ ನೆನಪಾಗುವುದು ನಾಟಕ ಕಂಪನಿಯ ತಗಡಿನ ಥೇಟರು, ಮೂರನೆಯ ಗಂಟೆ, ಮೇಲೇರುವ ಪರದೆ, ಕಾಲುಪೆಟ್ಟಿಗೆಯ ಸ್ವರ. ವಾಸ್ಕೊ, ಜುವಾರಿನಗರ ಮೊದಲಾದೆಡೆ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬಹಳಷ್ಟು ಬಾಗಲಕೋಟೆ, ವಿಜಯಪುರ, ಗದಗ, ಬೆಳಗಾವಿ ಸೀಮೆಯಿಂದ ಬಂದವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬಳು ರಂಗಗೀತೆಯನ್ನು ಒಂದಕ್ಷರ ತಪ್ಪದೆ ಹಾಡಿದರೆ ಆಶ್ಚರ್ಯಪಡಬೇಕಿಲ್ಲ. ಆಕೆಗೆ ಕನ್ನಡ ಕಲಿಸಿದ ಗುರು ಆ ಥೇಟರೇ ಆಗಿತ್ತು.

ಕೇಳಿದವರಿಗೇ ಇಷ್ಟು ದಕ್ಕಿದ್ದರೆ, ಕಂಪನಿಯ ಒಳಗೇ ಬೆಳೆದ ಬಾಲಕನಿಗೆ ಎಷ್ಟು ದಕ್ಕಿರಬೇಡ! ಅಂಥ ಒಬ್ಬ ಬಾಲಕನ ಕಥೆಯನ್ನು ನಮ್ಮ ಶಾಲೆಗಳ ಮಕ್ಕಳೂ ಪಾಲಕರೂ ತಿಳಿದಿರಬೇಕು. ಆತನ ಹೆಸರು ಬಾಬುಕೋಡಿ ವೆಂಕಟರಮಣ ಕಾರಂತ. ನಾಡು ಬಲ್ಲ ಬಿ. ವಿ. ಕಾರಂತ.

ಕಾರಂತರು 1929ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯ ಮನೆಯೊಂದರಲ್ಲಿ ಹುಟ್ಟಿದರು. ಅದು ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕೇಳಿಬರುವ ಪ್ರದೇಶ. ಹೊರಗೆ ಕೊಂಕಣಿ, ಹಿಂದಿಗಳನ್ನು ಕೇಳುತ್ತ ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳ ಸ್ಥಿತಿಯೂ ಇದಕ್ಕೆ ದೂರವಲ್ಲ. ಮೂರನೆಯ ತರಗತಿಯಲ್ಲಿದ್ದಾಗ ಅವರು ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಅಭಿನಯಿಸಿದರು. ಶಾಲೆಯ ದಿನಗಳ ಆ ನಾಟಕ ಬಾಲಕನ ಮನಸ್ಸಿಗೆ ಹತ್ತಿಸಿದ ಕಿಡಿ ಆರಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಓಡಿದ ಅವರು ಗುಬ್ಬಿ ಕಂಪನಿಯನ್ನು ಸೇರಿದರು. ಮನೆ ಬಿಟ್ಟು ಓಡುವುದನ್ನು ಯಾವ ಪಾಲಕರೂ ಮೆಚ್ಚಲಾರರು; ಆದರೆ ಓಡಿ ಸೇರಿದ ಜಾಗ ಎಂಥದೆಂಬುದನ್ನು ಗಮನಿಸಬೇಕು.

1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಆರಂಭವಾದ ಈ ಕಂಪನಿಯನ್ನು ಕಟ್ಟಿ ಬೆಳೆಸಿದವರು ಗುಬ್ಬಿ ವೀರಣ್ಣನವರು. ‘ಸದಾರಮೆ’ಯಂಥ ಸಂಗೀತ ನಾಟಕಗಳು ಊರಿಂದೂರಿಗೆ ಸಾಗಿ ದಶಕಗಳ ಕಾಲ ಜನರನ್ನು ರಂಜಿಸಿದವು. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಪರದೆ, ಪೆಟ್ಟಿಗೆ, ಪಾತ್ರೆಪಗಡಗಳೊಂದಿಗೆ ಇಡೀ ಒಂದು ಊರೇ ಇನ್ನೊಂದು ಊರಿಗೆ ಹೊರಟಂತಿರುತ್ತಿತ್ತು ಆ ಪ್ರಯಾಣ. ನಟನಾದವನು ಮಾತನಾಡಿದರೆ ಸಾಲದು, ಹಾಡಲೂ ಬರಬೇಕು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಪ್ರತಿಯೊಂದು ಅಕ್ಷರ ಕೇಳಬೇಕು. ಅಲ್ಪಪ್ರಾಣ, ಮಹಾಪ್ರಾಣಗಳ ಭೇದವನ್ನು ಅಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸುವವರಿರಲಿಲ್ಲ. ತಪ್ಪಿದರೆ ತಿದ್ದಲು ಹಿರಿಯ ನಟರಿದ್ದರು, ಅವರಿಗೂ ಮಿಗಿಲಾಗಿ ಪ್ರೇಕ್ಷಕರಿದ್ದರು. ಮುಂದೆ ಡಾ. ರಾಜಕುಮಾರ್ ಎಂದು ಹೆಸರಾದ ಮುತ್ತುರಾಜರೂ ಪಳಗಿದ್ದು ಇದೇ ಗರಡಿಯಲ್ಲಿ.

ಆದರೆ ವೀರಣ್ಣನವರ ದೊಡ್ಡತನ ಕಾಣುವುದು ಇನ್ನೊಂದು ಸಂಗತಿಯಲ್ಲಿ. ಹುಡುಗನಿಗೆ ಹಾಡುವ ಶಕ್ತಿಯಿದೆ, ಓದುವ ಹಂಬಲವೂ ಇದೆ ಎಂದು ಕಂಡ ಅವರು ಅವನನ್ನು ಕಂಪನಿಯಲ್ಲಿಯೇ ಕಟ್ಟಿಹಾಕಲಿಲ್ಲ; ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಕಾರಂತರು ಎಂ.ಎ. ಪದವಿ ಪಡೆದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತ ಕಲಿತರು. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು.

ಉತ್ತರ ಕರ್ನಾಟಕದಿಂದ ಬಂದ ನಮಗೆ ಅವರ ಋಣ ಮತ್ತೊಂದಿದೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಸೀಮೆಯ ಆಡುಮಾತಿನಲ್ಲಿ, ಹಾಡುಗಬ್ಬದ ಧಾಟಿಯಲ್ಲಿ ಬರೆದ ‘ಜೋಕುಮಾರಸ್ವಾಮಿ’ಯನ್ನು 1972ರಲ್ಲಿ ಬೆಂಗಳೂರಿನ ರಂಗಕ್ಕೆ ತಂದವರು ಕಾರಂತರೇ. ಮನೆಯಲ್ಲಿ ನಾವು ಆಡುವ ಕನ್ನಡವನ್ನು ಒರಟೆಂದು ನಮ್ಮ ಮಕ್ಕಳು ಕೆಲವೊಮ್ಮೆ ನಾಚುತ್ತಾರೆ. ಆ ಮಾತಿಗೆ ಕರಾವಳಿಯ ಒಬ್ಬ ಸಂಗೀತಗಾರ ಸ್ವರ ಕೂಡಿಸಿ ರಾಜಧಾನಿಯಲ್ಲಿ ಮೆರೆಸಿದರೆಂಬುದನ್ನು ಅವರಿಗೆ ಹೇಳಬೇಕು.

ಕಾರಂತರ ನೆನಪುಗಳನ್ನು ಲೇಖಕಿ ವೈದೇಹಿಯವರು ಗ್ರಂಥವಾಗಿ ನಿರೂಪಿಸಿದ್ದಾರೆ. ಅದರ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಗೋವೆಯಲ್ಲಿ ದುಡಿದು, ರಜೆಗೆ ಮಾತ್ರ ಊರಿಗೆ ಹೋಗಿಬರುವ ಯಾವ ತಂದೆತಾಯಿಗಳಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕು? ಇಲ್ಲಿಯೇ ಹುಟ್ಟಿದ ಮಕ್ಕಳಿಗಂತೂ ‘ಅಲ್ಲಿ’ ಎಂಬುದು ವರ್ಷಕ್ಕೊಮ್ಮೆ ಕಾಣುವ ಊರು. ಅವರ ಪಾಲಿಗೆ ಊರು ಉಳಿಯುವುದಾದರೆ ಮಾತಿನಲ್ಲಿ, ಹಾಡಿನಲ್ಲಿ ಉಳಿಯಬೇಕು.

ಇದು ಆಗದ ಮಾತೇನಲ್ಲ. ನಮ್ಮ ಗೋವೆಯ ನೆರೆಯವರೇ ಇದಕ್ಕೆ ನಿದರ್ಶನ. ಊರೂರುಗಳಲ್ಲಿ ಜನ ಮುಗಿಬಿದ್ದು ನೋಡುವ ಕೊಂಕಣಿ ತಿಯಾತ್ರ ಮೊದಲು ಪ್ರದರ್ಶನಗೊಂಡದ್ದು ಗೋವೆಯಲ್ಲಲ್ಲ, ಮುಂಬಯಿಯಲ್ಲಿ, 1892ರ ಏಪ್ರಿಲ್ 17ರಂದು. ಹೊಟ್ಟೆಪಾಡಿಗೆ ಊರು ಬಿಟ್ಟು ಹೋಗಿದ್ದ ಗೋವೆಯ ಜನರ ನಡುವೆ ಬೆಳೆದ ಆ ಕಲೆ ಇಂದು ಗೋವೆಯ ಹೆಮ್ಮೆಯಾಗಿದೆ. ಪರವೂರಿನಲ್ಲಿ ಅವರು ತಮ್ಮ ಭಾಷೆಯನ್ನು ಹಾಡಿ, ಆಡಿ ಉಳಿಸಿಕೊಂಡರು.

ನಮ್ಮ ಶಾಲೆಗಳಲ್ಲಿಯೂ ವಾರ್ಷಿಕ ಸ್ನೇಹಸಮ್ಮೇಳನಗಳು ನಡೆಯುತ್ತವೆ. ಆದರೆ ಅಲ್ಲಿ ಹಾಡುವುದು ಹೆಚ್ಚಾಗಿ ಧ್ವನಿವರ್ಧಕ. ಮಕ್ಕಳು ಅದಕ್ಕೆ ಕುಣಿಯುತ್ತಾರೆ, ಅವರ ಬಾಯಿ ಮುಚ್ಚಿರುತ್ತದೆ. ಈ ಸಲ ಒಂದು ಪುಟ್ಟ ನಾಟಕವಾದರೂ ಮಕ್ಕಳದೇ ಕಂಠದಲ್ಲಿ ನಡೆಯಲಿ. ಬೆಲೆಬಾಳುವ ವಾದ್ಯಗಳಿಲ್ಲವೆಂಬ ಚಿಂತೆ ಬೇಡ. ವಾದ್ಯಗಳೇ ಅಲ್ಲದ ಸಾಮಾನ್ಯ ವಸ್ತುಗಳಿಂದಲೂ ನಾದ ಹೊರಡಿಸಿ ರಂಗಸಂಗೀತ ಮಾಡಿದವರು ಕಾರಂತರು. ಶಾಲೆಯೇ ಹೇಗೆ ಪಂಜರವಾಗಬಲ್ಲದೆಂದು ಹೇಳುವ ‘ಪಂಜರ ಶಾಲೆ’ ಎಂಬ ಮಕ್ಕಳ ನಾಟಕವನ್ನೂ ಅವರು ಕೊಟ್ಟುಹೋಗಿದ್ದಾರೆ.

ಪಾಲಕರಿಂದ ಆಗಬೇಕಾದ ಕೆಲಸವೂ ಒಂದಿದೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೂರಿಸಿ, ಅವರು ನೋಡಿದ ಕಂಪನಿ ನಾಟಕದ ಒಂದು ಹಾಡನ್ನು ಹೇಳಿಸಿರಿ. ಮಕ್ಕಳು ಅದನ್ನು ಕೇಳಿ, ತಮ್ಮ ಕೈಯಿಂದಲೇ ವಹಿಯಲ್ಲಿ ಬರೆದುಕೊಳ್ಳಲಿ. ಶಾಲೆ ಮತ್ತೆ ತೆರೆದ ದಿನ ಆ ವಹಿಯನ್ನು ಗುರುಗಳಿಗೆ ತೋರಿಸಲಿ. ಸ್ನೇಹಸಮ್ಮೇಳನದ ನಾಟಕಕ್ಕೆ ಮೊದಲ ಹಾಡು ಅದೇ ಆಗಬಹುದು.