ಮೋಡೆಮ್ಮಿಗೂ ಒಬ್ಬ ಡ್ರೈವರ್ ಬೇಕೆ?

ಡ್ರೈವರ್ ಎಂದೊಡನೆ ನಮಗೆ ನೆನಪಾಗುವುದು ಖಾಕಿ ಅಂಗಿ ತೊಟ್ಟ ಬಸ್ಸಿನ ಡ್ರೈವರೇ. ಹಾಗಿರುವಾಗ ಕಂಪ್ಯೂಟರ್ ರಿಪೇರಿಯವನು ಬಂದು, "ಅಮ್ಮಾ, ನಿಮ್ಮ ಮೋಡೆಮ್ಮಿನ ಡ್ರೈವರ್ ಹೋಗಿದೆ" ಅಂದರೆ, ಇರಬಹುದೇನೋ ಅಂತ ತಲೆಯಾಡಿಸಿ ಅವನು ಕೇಳಿದಷ್ಟು ಕೊಟ್ಟು ಕಳಿಸುತ್ತೇವೆ. ಪರವೂರಿನಲ್ಲಿ ಓದುವ ಮಗಳ ಮುಖ ಸಂಜೆ ಪರದೆಯ ಮೇಲೆ ಕಾಣದಿದ್ದರೆ ಯಾವ ತಾಯಿ ತಾನೇ ಚೌಕಾಶಿಗೆ ನಿಂತಾಳು? ಅದಕ್ಕೇ, ಈ ಡ್ರೈವರ್ ಯಾರೆಂದು ನೀವೂ ಸ್ವಲ್ಪ ತಿಳಿದಿರಿ.

ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಕಂಪ್ಯೂಟರಿನೊಳಗೆ ಕುಳಿತ ಒಂದು ಪ್ರೋಗ್ರಾಂ. ತುಳು ಮಾತ್ರ ಬಲ್ಲ ಸೊಸೆ, ಕನ್ನಡ ಮಾತ್ರ ಬಲ್ಲ ಅತ್ತೆ. ನಡುವೆ ಮಂಗಳೂರಲ್ಲಿ ಓದಿಬಂದ ನಾದಿನಿ ನಿಂತು ಇವರ ಮಾತನ್ನು ಅವರಿಗೆ ಮುಟ್ಟಿಸುತ್ತಾಳಲ್ಲ, ಡ್ರೈವರಿನ ಕೆಲಸವೂ ಅಷ್ಟೇ. (ನಾದಿನಿ ಒಂದಕ್ಕೆರಡು ಸೇರಿಸಿಯಾಳು, ಡ್ರೈವರ್ ಸೇರಿಸುವುದಿಲ್ಲ!)

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಆಗ ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಬೇಕಿತ್ತು. ಮಾತಿಗೆಂದೇ ಎಳೆದ ಆ ತಂತಿಯಲ್ಲಿ ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿ ಮಾರ್ಪಡಿಸಿ ಕಳಿಸುತ್ತಿತ್ತು. ಕೀಂ, ಖರ್ರ್ ಎಂಬ ಆ ಕಿರುಚಾಟ ಕೆಲವರಿಗಾದರೂ ನೆನಪಿದ್ದೀತು. ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ತಂದ ಮೋಡೆಮ್, 'ಎಟಿಡಿಟಿ' ಎಂಬ ಅಕ್ಷರಗಳನ್ನೂ ನಂಬರನ್ನೂ ಕಳಿಸಿದರೆ ತಾನೇ ಡಯಲ್ ಮಾಡುತ್ತಿತ್ತು. ಮುಂದೆ ಬೇರೆ ಕಂಪನಿಗಳೂ ಅದೇ ಭಾಷೆ ಕಲಿತವು. ಹೀಗಾಗಿ ಹೊರಗಿಡುವ ಮೋಡೆಮ್ಮಿನ ಡ್ರೈವರ್ ಎಂದರೆ ಹೆಚ್ಚೂಕಡಿಮೆ ಇಂಥ ಆಜ್ಞೆಗಳ ಒಂದು ಚೀಟಿ, ಅಷ್ಟೆ. ಕಂಪ್ಯೂಟರಿನ ಒಳಗೆ ಕೂರಿಸುತ್ತಿದ್ದ ಅಗ್ಗದ ಮೋಡೆಮ್ಮುಗಳೇ ಬೇರೆ: ತಮ್ಮ ಕೆಲಸವನ್ನೆಲ್ಲ ಕಂಪ್ಯೂಟರಿನ ಮೇಲೆ ಹೇರುವ ಸೋಮಾರಿಗಳು, ಡ್ರೈವರ್ ಇಲ್ಲದಿದ್ದರೆ ಒಂದು ಹೆಜ್ಜೆ ಇಡವು.

ಆಮೇಲೆ ಬಂತು ಸಿಮ್ ಹಾಕುವ ಡಾಂಗಲ್. ಇದರದೊಂದು ವಿಚಿತ್ರ ನೋಡಿ. ಎಷ್ಟೋ ಡಾಂಗಲ್‌ಗಳು ಚುಚ್ಚಿದ ಕೂಡಲೆ "ನಾನು ಸೀ.ಡಿ." ಎಂದು ಹೇಳಿಕೊಳ್ಳುತ್ತವೆ. ಡ್ರೈವರ್ ಇರುವುದು ಅದರೊಳಗೇ! ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ವೇಷ ಕಳಚಿ ಮೋಡೆಮ್ ಆಗುತ್ತವೆ. ಸೀ.ಡಿ. ಚಿತ್ರವಷ್ಟೇ ಕಂಡು ಮುಂದೆ ಏನೂ ಆಗದಿದ್ದರೆ ಡಾಂಗಲ್ ಕೆಟ್ಟಿದೆ ಅಂತ ಎಸೆಯಬೇಡಿ, ಆ ಚಿತ್ರವನ್ನೇ ಒತ್ತಿ ನೋಡಿ.

ಈಗ ಗೋಡೆಗೆ ನೇತುಹಾಕುವ ಫೈಬರ್ ಪೆಟ್ಟಿಗೆಯ ಸಂಗತಿ. ವೈಫೈ ಮೂಲಕ ಮಾತಾಡುವ ಇದಕ್ಕೆಂದು ಕಂಪ್ಯೂಟರಿನಲ್ಲಿ ಬೇರೆ ಡ್ರೈವರ್ ಬೇಕಿಲ್ಲ. ಬೇಕಾದದ್ದು ಕಂಪ್ಯೂಟರಿನದೇ ವೈಫೈ ಭಾಗಕ್ಕೆ. ರಿಪೇರಿಯವನನ್ನು ಕರೆಯುವ ಮುಂಚೆ, ನಿಮ್ಮ ಮೊಬೈಲಿನ ಡೇಟಾ ಆರಿಸಿ ಅದೇ ವೈಫೈಗೆ ಜೋಡಿಸಿ. ಅದರಲ್ಲೂ ಏನೂ ಬಾರದಿದ್ದರೆ ದೋಷ ಪೆಟ್ಟಿಗೆಯಲ್ಲೋ ಲೈನಿನಲ್ಲೋ ಇದ್ದೀತು, ಇಲ್ಲವೇ ಹಣ ಕಟ್ಟುವ ದಿನ ಮೀರಿದ್ದೀತು; ಡ್ರೈವರಿನ ಹೆಸರಲ್ಲಿ ದುಡ್ಡು ಕೊಡುವ ಮಾತೇ ಇಲ್ಲ. ಮೊಬೈಲಿನಲ್ಲಿ ಬಂದು ಕಂಪ್ಯೂಟರಿನಲ್ಲಿ ಮಾತ್ರ ಬಾರದಿದ್ದರೆ ಆಗ ಡ್ರೈವರನ್ನು ಅನುಮಾನಿಸಬಹುದು.

ಡ್ರೈವರ್ ಬೇಕೇಬೇಕಾದರೆ ಕಂಪ್ಯೂಟರ್ ತಯಾರಿಸಿದ ಕಂಪನಿಯಿಂದಲೋ ವಿಂಡೋಸಿನ ಅಪ್‌ಡೇಟಿನಿಂದಲೋ ಪಡೆಯಿರಿ. "ನಿಮ್ಮ ಡ್ರೈವರ್ ಹಳೆಯದು, ಇಲ್ಲಿ ಒತ್ತಿ" ಅಂತ ಪರದೆಯ ಮೇಲೆ ತಾನಾಗಿ ಹಾರಿಬರುವ ಜಾಹೀರಾತನ್ನು ಮಾತ್ರ ಮುಟ್ಟಬೇಡಿ. ಅದರ ಬೆನ್ನಿಗೆ ವೈರಸ್ ಬಂದೀತು. ಕಂಪ್ಯೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದು ಮಾಸುವ ಮುಂಚೆ, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಾದರೂ ಬರೆದಿಡಿ.