ಊರೇ ಸಾಕಿದ ರಂಗಮಂದಿರ



ದಾನವೆಂದರೆ ನಮಗೆ ಥಟ್ಟನೆ ನೆನಪಾಗುವುದು ಅನ್ನ, ಬಟ್ಟೆ, ಔಷಧಿ ಮತ್ತು ಬಡ ಮಕ್ಕಳ ಶಾಲಾ ಶುಲ್ಕ. ಇದು ಸರಿಯಾದದ್ದೇ. ಹಸಿದವನ ಮುಂದೆ ಮೊದಲು ಇಡಬೇಕಾದದ್ದು ಅನ್ನದ ತಟ್ಟೆ. ಆದರೆ ನಾಟಕಕ್ಕಾಗಿಯೋ, ಸಂಗೀತಕ್ಕಾಗಿಯೋ, ಊರಿನ ಹಳೆಯ ಕಲೆಯೊಂದನ್ನು ಉಳಿಸುವುದಕ್ಕಾಗಿಯೋ ಒಂದು ಸಂಘದವರು ರಸೀದಿ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬಂದಾಗ ನಾವು ಹಿಂದುಮುಂದು ನೋಡುತ್ತೇವೆ. “ಬಡವರಿಗೆ ಕೊಡಬೇಕಾದದ್ದನ್ನು ಬಣ್ಣ ಹಚ್ಚುವವರಿಗೆ ಕೊಡುವುದೇ?” ಎಂದು ಮನಸ್ಸು ಕೇಳುತ್ತದೆ. ಈ ಪ್ರಶ್ನೆ ಪ್ರಾಮಾಣಿಕವಾದದ್ದು. ಇದಕ್ಕೆ ಉತ್ತರವನ್ನು ನಮ್ಮ ನಾಡಿನಲ್ಲೇ ನಡೆದ ಒಂದು ಕೆಲಸದಲ್ಲಿ ಹುಡುಕೋಣ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಲಾಭರಹಿತ ಸಂಸ್ಥೆ ಎಂದರೇನು? ಅಂಥ ಸಂಸ್ಥೆ ಹಣ ಗಳಿಸಲೇಬಾರದೆಂದು ಅರ್ಥವಲ್ಲ. ಟಿಕೆಟ್ ಮಾರಬಹುದು, ಪುಸ್ತಕ ಮಾರಬಹುದು, ದೇಣಿಗೆ ಪಡೆಯಬಹುದು. ಆದರೆ ಖರ್ಚು ಕಳೆದು ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಸಂಸ್ಥೆಯ ಉದ್ದೇಶಕ್ಕೇ ಮರಳಬೇಕು. ನಮ್ಮ ರಾಜ್ಯದಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಮಂದಿ ವಯಸ್ಕರು ಒಟ್ಟುಗೂಡಿದರೆ ಒಂದು ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಮಹಾಸಭೆ ಕರೆದು ಲೆಕ್ಕಪತ್ರವನ್ನು ಸದಸ್ಯರ ಮುಂದಿಡಬೇಕು. ಏಳು ಮಂದಿಯೆಂದರೆ ಒಂದು ಬೀದಿಯ ನೆರೆಹೊರೆಯಲ್ಲಿ ಸಿಗುವಷ್ಟೇ ಜನ.

ಇನ್ನು ಮಲೆನಾಡಿಗೆ ಹೋಗೋಣ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹೆಗ್ಗೋಡು ಎಂಬ ಪುಟ್ಟ ಹಳ್ಳಿ ಇದೆ. ಅಡಿಕೆ ತೋಟಗಳ ಊರು; ಮಳೆಗಾಲದಲ್ಲಿ ಮನೆಯಿಂದ ಮನೆಗೆ ಹೋಗುವುದೇ ಪ್ರಯಾಸ. 1949ರಲ್ಲಿ ಅಲ್ಲಿನ ಕೆಲವು ಉತ್ಸಾಹಿಗಳು ನಾಟಕವಾಡಲೆಂದು ಒಂದು ಸಂಘ ಕಟ್ಟಿಕೊಂಡರು. ಊರದೇವರ ಹೆಸರನ್ನೇ ಇಟ್ಟು ಅದನ್ನು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂದು ಕರೆದರು. ಅದೇ ಇಂದಿನ ನೀನಾಸಂ. ಅದನ್ನು ಬೆಳೆಸಿದವರಲ್ಲಿ ಪ್ರಮುಖರು ಕೆ. ವಿ. ಸುಬ್ಬಣ್ಣ. ಅವರು ಮೈಸೂರಿನಲ್ಲಿ ಓದಿ ತಮ್ಮ ಹಳ್ಳಿಗೇ ಮರಳಿ, ತೋಟವನ್ನೂ ನೋಡಿಕೊಂಡು, ಅಕ್ಷರ ಪ್ರಕಾಶನದ ಮೂಲಕ ಪುಸ್ತಕಗಳನ್ನೂ ಪ್ರಕಟಿಸುತ್ತ ಜೀವನವಿಡೀ ಅಲ್ಲೇ ದುಡಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ಮುಂದುವರಿದಿದೆ.

ನೀನಾಸಂ ಮಾಡಿದ್ದೇನು? 1973ರಲ್ಲಿ ಚಿತ್ರಸಮಾಜವೊಂದನ್ನು ಆರಂಭಿಸಿ ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಲನಚಿತ್ರಗಳನ್ನು ಹಳ್ಳಿಗರ ಮುಂದೆ ತೋರಿಸಿತು. ಭಾಷೆ ಬಾರದ ಜನ ಇವನ್ನು ನೋಡುವರೇ ಎಂದು ಪೇಟೆಯವರು ಸಂದೇಹಪಟ್ಟರೂ ಹಳ್ಳಿಗರು ಬಂದು ಕುಳಿತು ನೋಡಿದರು. ಸೈಕಲ್ ಕಳೆದುಕೊಂಡ ಇಟಲಿಯ ಬಡ ಕೂಲಿಕಾರನ ಸಂಕಟ ಅರ್ಥವಾಗಲು ಇಟಾಲಿಯನ್ ಭಾಷೆ ಕಲಿಯಬೇಕಾಗಿರಲಿಲ್ಲ. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಯುವಕ ಯುವತಿಯರು ಹತ್ತು ತಿಂಗಳು ಒಟ್ಟಿಗಿದ್ದು ಅಭಿನಯ, ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನು ಕಲಿಯುತ್ತಾರೆ. 1985ರಲ್ಲಿ ತಿರುಗಾಟ ಆರಂಭವಾಯಿತು. ಒಂದು ತಂಡ ನಾಟಕಗಳನ್ನು ಸಿದ್ಧಪಡಿಸಿಕೊಂಡು, ರಂಗಸಜ್ಜಿಕೆಯನ್ನೂ ದೀಪಗಳನ್ನೂ ತಾನೇ ಹೊತ್ತುಕೊಂಡು ತಿಂಗಳುಗಟ್ಟಲೆ ಊರೂರು ಸುತ್ತುತ್ತದೆ. ಹೀಗೆ ಶೇಕ್ಸ್‌ಪಿಯರ್, ಕಾಳಿದಾಸ ಮೊದಲಾದವರು ಶಾಲೆಯ ಅಂಗಳಕ್ಕೂ ಸಂತೆ ಮೈದಾನಕ್ಕೂ ಕನ್ನಡದಲ್ಲಿ ಬಂದಿಳಿದರು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಸರ್ಕಾರದ ಅನುದಾನವೂ ದೊಡ್ಡ ಪ್ರತಿಷ್ಠಾನಗಳ ನೆರವೂ ನೀನಾಸಂಗೆ ಸಿಕ್ಕಿದ್ದುಂಟು. ಆದರೆ ತಿರುಗಾಟದ ಬಂಡಿ ಓಡುವುದು ಆಯಾ ಊರಿನವರ ಹೆಗಲಿನ ಮೇಲೆ. ಒಂದು ಊರಿನಲ್ಲಿ ನಾಟಕ ನಡೆಯಬೇಕಾದರೆ ಅಲ್ಲಿ ನಾಲ್ಕು ಜನ ಮುಂದೆ ಬರಬೇಕು. ಟಿಕೆಟ್ ಮಾರಬೇಕು, ಜಾಗ ಗುಡಿಸಬೇಕು, ಕುರ್ಚಿ ಹಾಕಬೇಕು, ಬಂದ ಕಲಾವಿದರಿಗೆ ಮಲಗಲು ಸ್ಥಳವನ್ನೂ ಎರಡು ಹೊತ್ತಿನ ಊಟವನ್ನೂ ಕೊಡಬೇಕು. ಯಾರೋ ಒಬ್ಬ ಶ್ರೀಮಂತನ ಒಂದು ಲಕ್ಷಕ್ಕಿಂತ ನೂರು ಮನೆಗಳ ಒಂದೊಂದು ಟಿಕೆಟ್ಟು ಸಂಸ್ಥೆಯನ್ನು ಹೆಚ್ಚು ಕಾಲ ಬದುಕಿಸುತ್ತದೆ. ಕಾರಣ ಸರಳ. ಶ್ರೀಮಂತನ ಮನಸ್ಸು ಬದಲಾದರೆ ಹಣ ನಿಲ್ಲುತ್ತದೆ. ನೂರು ಮನೆಗಳ ಮನಸ್ಸು ಒಂದೇ ದಿನ ಬದಲಾಗುವುದಿಲ್ಲ.

ಹಾಗಾದರೆ ಬಡವರಿಗೆ ಇದರಿಂದ ಬಂದದ್ದೇನು? ಉತ್ತರ ಕನ್ನಡದ ಸಿದ್ದಿ ಸಮುದಾಯವನ್ನು ನೋಡೋಣ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಸ್ಥರು ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬದುಕುವ ಇವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ, ನಮ್ಮ ಕಥೋಲಿಕ ಕುಟುಂಬಗಳೂ ಇವೆ. 1980ರ ದಶಕದಲ್ಲಿ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳನ್ನೇ ಕಲಾವಿದರನ್ನಾಗಿಸಿ, ನೈಜೀರಿಯದ ಚಿನುವಾ ಅಚೆಬೆಯವರ ಕಾದಂಬರಿಯನ್ನು ಆಧರಿಸಿದ ನಾಟಕ ಆಡಿಸಿದರು. ಬೇರೆಯವರ ಕಣ್ಣಿನಲ್ಲಿ ಕೇವಲ ಕೂಲಿಯಾಳುಗಳಾಗಿದ್ದವರು ಅಂದು ತಮ್ಮದೇ ಪೂರ್ವಿಕರ ಖಂಡದ ಕಥೆಯನ್ನು ದೀಪದ ಬೆಳಕಿನಲ್ಲಿ ನಿಂತು ಹೇಳಿದರು. ಮುಂದೆ ಸಿದ್ದಿ ಸಮುದಾಯದ ಹಲವು ಯುವಜನರು ನೀನಾಸಂನಲ್ಲಿ ಕಲಿತು ಕಲಾವಿದರಾದರು. ಒಂದು ಚೀಲ ಅಕ್ಕಿ ಹಸಿವನ್ನು ನೀಗಿಸುತ್ತದೆ. ತಲೆ ಎತ್ತಿ ನಿಲ್ಲುವ ಧೈರ್ಯ ಬರುವುದು ಬೇರೆ ದಾರಿಯಿಂದ, ಆ ದಾರಿಗಳಲ್ಲಿ ರಂಗಮಂಚವೂ ಒಂದು.

ಇಂಥ ಕೆಲಸಗಳು ಎಷ್ಟು ಸೂಕ್ಷ್ಮವಾದವು ಎಂಬುದನ್ನೂ ನಾವು ಅರಿತಿರಬೇಕು. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ಕೈಮಗ್ಗದ ಬಟ್ಟೆ ನೇಯುತ್ತಾರೆ, ಅಡಿಕೆಯ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುತ್ತಾರೆ. 2020ರ ಕೊರೋನಾ ಕಾಲದಲ್ಲಿ ನೇಯ್ದ ಬಟ್ಟೆ ಮಾರಾಟವಾಗದೆ ಅದು ತೀವ್ರ ಸಂಕಷ್ಟಕ್ಕೆ ಸಿಲುಕಿತು. ಹೊಗಳುವವರು ಬಹಳ ಮಂದಿ ಇದ್ದರೂ ಕೊಳ್ಳುವವರು ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಪ್ರಶಸ್ತಿ ಬಂದಾಗ ಚಪ್ಪಾಳೆ ತಟ್ಟಿ, ಟಿಕೆಟ್ ಬಂದಾಗ ಬಾಗಿಲು ಹಾಕಿಕೊಂಡರೆ ರಂಗವೂ ಕತ್ತಲಾಗುತ್ತದೆ.

ಹಾಗಾದರೆ ನಮ್ಮ ಕುಟುಂಬಗಳು ಏನು ಮಾಡಬಹುದು? ಮೊದಲನೆಯದಾಗಿ, ಊರಿಗೆ ನಾಟಕವೋ ಯಕ್ಷಗಾನವೋ ಬಂದರೆ ಉಚಿತ ಪಾಸಿಗಾಗಿ ಕಾಯದೆ ಟಿಕೆಟ್ ಕೊಂಡು ಮಕ್ಕಳೊಂದಿಗೆ ಹೋಗೋಣ. ಎರಡನೆಯದಾಗಿ, ಹಣ ಕೊಡಲಾಗದವರು ಒಬ್ಬ ಕಲಾವಿದನಿಗೆ ಒಂದು ರಾತ್ರಿಯ ಊಟ, ಹಾಸಿಗೆ ಕೊಡೋಣ. ಮೂರನೆಯದಾಗಿ, ದೇಣಿಗೆ ಕೊಡುವಾಗ ಸಂಕೋಚಪಡದೆ ಪ್ರಶ್ನೆ ಕೇಳೋಣ: ಸಂಘ ನೋಂದಣಿಯಾಗಿದೆಯೇ? ರಸೀದಿ ಕೊಡುತ್ತಾರೆಯೇ? ಲೆಕ್ಕ ತಪಾಸಣೆಯಾಗಿದೆಯೇ? ಕಳೆದ ವರ್ಷ ಮಾಡಿದ ಕೆಲಸ ಏನು? ಒಳ್ಳೆಯ ಸಂಘ ಇಂಥ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತದೆ. ಉತ್ತರಿಸಲು ಸಿಡುಕುವವರಿಗೆ ಕೊಡದಿದ್ದರೆ ತಪ್ಪಿಲ್ಲ. ನಾಲ್ಕನೆಯದಾಗಿ, ಮಗನೋ ಮಗಳೋ ನಾಟಕ ಕಲಿಯುತ್ತೇನೆ, ಚಿತ್ರ ಬರೆಯುತ್ತೇನೆ ಎಂದಾಗ “ಅದರಿಂದ ಹೊಟ್ಟೆ ತುಂಬುತ್ತದೆಯೇ?” ಎಂದು ಬಾಯಿ ಮುಚ್ಚಿಸುವ ಮೊದಲು ಒಂದು ದಿನ ಅವರ ಕೆಲಸವನ್ನು ಕುಳಿತು ನೋಡೋಣ.

ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ದಿನ ಯುವಕರು ನಾಟಕವಾಡುವ ರೂಢಿ ಹಲವೆಡೆ ಕ್ಷೀಣಿಸಿದೆ. ಬಾಡಿಗೆಗೆ ತಂದ ಧ್ವನಿವರ್ಧಕದ ಹಾಡಿಗೆ ಅರ್ಧ ಗಂಟೆ ಕುಣಿದರೆ ಕಾರ್ಯಕ್ರಮ ಮುಗಿಯುತ್ತದೆ. ಒಂದು ನಾಟಕಕ್ಕೆ ಎರಡು ತಿಂಗಳ ತಾಲೀಮು ಬೇಕು. ಆ ಎರಡು ತಿಂಗಳಲ್ಲಿ ಮಾತನಾಡದಿದ್ದವರು ಮಾತನಾಡುತ್ತಾರೆ, ಹಿರಿಯರು ಕಿರಿಯರಿಗೆ ಹಾಡು ಕಲಿಸುತ್ತಾರೆ, ಮೂಲೆಯಲ್ಲಿ ಕುಳಿತಿದ್ದ ಹುಡುಗ ಮಧ್ಯಕ್ಕೆ ಬರುತ್ತಾನೆ. ಸಮುದಾಯದ ಕ್ಷೇಮವೆಂದರೆ ಇದೂ ಸೇರಿದ್ದೇ. 1949ರಲ್ಲಿ ಹೆಗ್ಗೋಡಿನವರ ಬಳಿ ದೊಡ್ಡ ಹಣವಿರಲಿಲ್ಲ; ಕತ್ತಲಾದ ಮೇಲೆ ಒಟ್ಟಿಗೆ ಕೂಡುವ ಮನಸ್ಸಿತ್ತು. ಆ ಮನಸ್ಸು ನಮ್ಮ ಊರುಗಳಲ್ಲಿಯೂ ಇದೆ. ಈ ವರ್ಷದ ಹಬ್ಬಕ್ಕೆ ಮೊದಲು ಏಳು ಮಂದಿಯನ್ನು ಒಟ್ಟುಗೂಡಿಸೋಣ. ಉಳಿದವರು ತಾವಾಗಿಯೇ ಬರುವರು.